ಅಂಬಿಗರ ಓಣಿಯ ಹನ್ನೊಂದನೆಯ ಮನೆ

ಅಂಬುಬಾಯಿಯ ಬಗ್ಗೆ ಬರೆಯೋಣವೆಂದು ಕುಳಿತಾಗಲೆಲ್ಲ ಮೊದಲು ಬರುವುದು ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ದೊಡ್ಡ ಪಟ್ಟಿಯೇ ಇದೆ. ಅದರಲ್ಲಿ ನನ್ನ ಹೆಸರೂ ಇದೆ, ಸ್ವಲ್ಪ ಮಟ್ಟಿಗೆ ಅಂಬುಬಾಯಿಯ ಹೆಸರೂ ಇದೆ.

ಕಾಗಿಣಾ ನದಿ ಮಳಖೇಡ ದಾಟಿ ಚಿತ್ತಾಪುರದ ಕಡೆ ಹೊರಳುವಲ್ಲಿ ಕರಿಗಡ್ಡಿ ಎಂಬ ಊರು. ನೂರಾ ಇಪ್ಪತ್ತು ಮನೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಹಳ್ಳ. ಹಳ್ಳದ ಮೇಲಿನ ಸೇತುವೆ ಎಷ್ಟು ತಗ್ಗು ಎಂದರೆ, ಹೊಳೆ ತುಂಬಿ ನೀರು ಹಿಂದಕ್ಕೆ ಒತ್ತಿತೆಂದರೆ ಮೊದಲು ಮುಳುಗುವುದೇ ಅದು. ಆಗ ಊರಿಂದ ಈಚೆ ಬರಲು ಹರಗೋಲು ಬಿಟ್ಟರೆ ಬೇರೆ ದಾರಿಯಿಲ್ಲ. ಹಳ್ಳದ ಈಚೆಗೆ ಡಾಂಬರು ರಸ್ತೆ, ರಸ್ತೆಗೆ ಹತ್ತಿಕೊಂಡು ಸರ್ಕಾರಿ ಶಾಲೆ. ಊರೊಳಗೆ ಹೊಳೆಗೆ ತೀರ ಹತ್ತಿರ ಇರುವುದು ಅಂಬಿಗರ ಓಣಿ, ಹನ್ನೊಂದು ಮನೆ. ಅದರಲ್ಲೊಂದು ಅಂಬುಬಾಯಿಯದು.

ಅವಳ ತವರು ನಾಲವಾರದ ಆಚೆ, ಭೀಮಾ ದಂಡೆಯ ಊರು. ಹದಿನೇಳಕ್ಕೆ ಮದುವೆಯಾಗಿ ಕರಿಗಡ್ಡಿಗೆ ಬಂದಳು. ಅಷ್ಟರಲ್ಲಿ ಎಲ್ಲೆಡೆ ಸೇತುವೆಗಳಾಗಿ ಹರಗೋಲಿನ ದುಡಿಮೆ ಬಿದ್ದುಹೋಗಿತ್ತು. ಗಂಡ ಭೀಮಶಾ ಶಹಾಬಾದಿನ ಪರಸಿ ಖಣಿಗೆ, ನೆಲಕ್ಕೆ ಹಾಸುವ ಚಪ್ಪಡಿ ತೆಗೆಯುವಲ್ಲಿಗೆ, ಹೋದ. ಇವಳೂ ಅವನ ಹಿಂದೆ ಹೋಗಿ ಪರಸಿ ಕಲ್ಲು ಉಜ್ಜುವ ಕೆಲಸಕ್ಕೆ ನಿಂತಳು. ಹದಿನಾಲ್ಕು ವರ್ಷ. ಕಲ್ಲಿನ ಧೂಳು ಕುಡಿದು ಭೀಮಶಾನ ಎದೆ ಕೆಟ್ಟಿತು, ಹತ್ತು ಹೆಜ್ಜೆ ನಡೆದರೆ ಕೂರಬೇಕು. ಖಣಿಯ ಮಾಲೀಕ ಅವನಿಗೆ ಒಂದು ಶಾಲು ಹೊದಿಸಿ ಕಳಿಸಿದ. ಆ ಶಾಲು ಈಗಲೂ ಇದೆ, ಅದರ ಮೇಲೆ ಅಂಬುಬಾಯಿ ಜೋಳ ಒಣಗಿಸುತ್ತಾಳೆ.

ಊರಿಗೆ ಮರಳಿದ ವರ್ಷವೇ ಹೊಳೆ ಬಂತು. ಹರಗೋಲಿಗೆ ಹುಟ್ಟು ಹಾಕುವವರು ಸಾಲದಾದರು. ಭೀಮಶಾನ ಕೈಲಾಗದು, ಅವನ ತಮ್ಮ ಸಿದ್ದಣ್ಣ ಒಬ್ಬನೇ. ಅಂಬುಬಾಯಿ ಸೀರೆಯ ಕಚ್ಚೆ ಹಾಕಿ ಹುಟ್ಟು ಹಿಡಿದಳು. ಹೆಂಗಸಿನ ಹರಗೋಲಿನಲ್ಲಿ ಕೂರುವುದೆಂತು ಎಂದು ಕಟ್ಟೆಯ ಮೇಲೆ ಕೆಲವರು ನಕ್ಕರಂತೆ. ಹಂಗಾದ್ರ ನೀವ್ ಹುಟ್ಟು ಹಾಕ್ರಿ, ನಾ ಕುಂದರ್ತೀನಿ ಎಂದಳಂತೆ. ಯಾರೂ ಏಳಲಿಲ್ಲ. ಅವತ್ತಿನಿಂದ ಅದು ಅವಳ ಹರಗೋಲು.

ಆ ಓಣಿಯಲ್ಲಿ ಒಂದು ಕಟ್ಟಳೆ ಇದೆ. ಹೊಳೆ ಏರಿದಾಗ ಊರವರೆಲ್ಲ ದಾಟಿದ ಮೇಲೆ ಅಂಬಿಗರ ಮನೆಯವರು ದಾಟಬೇಕು. ಅವರಲ್ಲೂ ಹುಟ್ಟು ಹಿಡಿದವರ ಮನೆ ಕಟ್ಟಕಡೆಗೆ. ಇದೆಂಥ ಹುಚ್ಚು ಎಂದು ಅಂಬುಬಾಯಿಯನ್ನು ನಾನು ಒಮ್ಮೆ ಕೇಳಿದ್ದೆ.

"ನಮ್ಮ ಮಕ್ಕಳು ಆಚಿ ಇದ್ರನ ನಾವು ತಿರುಗಿ ಹೋಗ್ತೀವಿ ತಮ್ಮಾ," ಎಂದಳು. "ಅವರನ್ನ ಮೊದಲ ಈಚಿ ತಂದು ಬಿಟ್ರ, ಕತ್ತಲಾದ ಮ್ಯಾಲ ಯಾರ ಮನಸು ಹೊಳ್ಳತದ ಹೇಳು."

ಆಗ ನನಗೆ ಅದು ಚಂದದ ಮಾತು ಅನಿಸಿತ್ತು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಾನು ಅಶೋಕಕುಮಾರ, ಚಿಂಚೋಳಿಯ ಹತ್ತಿರದ ಚಂದಾಪುರದವನು. ಸಮಾಜಕಾರ್ಯ ಓದಿ ಸೇಡಂನ ಒಂದು ಪರಿಹಾರ ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕನಾಗಿದ್ದೆ. ವರ್ಷ ವರ್ಷ ಹೊಸದು ಮಾಡುವ ಕರಾರು, ಬೆನ್ನ ಮೇಲೆ ಲಾಂಛನ ಇರುವ ನೀಲಿ ಜಾಕೀಟು, ಕೈಯಲ್ಲಿ ಒಂದು ಟ್ಯಾಬ್. ಸಂಸ್ಥೆಯ ಮುಖ್ಯಸ್ಥರು ದೇವಿಂದ್ರಪ್ಪ. ನಮ್ಮ ಮೇಲೆ ಎಷ್ಟು ಮಂದಿ ಇದ್ದರು ಎಂಬುದು ತಿಳಿಯದಿದ್ದರೆ ಮುಂದಿನದು ಅರ್ಥವಾಗದು, ಅದಕ್ಕೆ ಹೇಳುತ್ತೇನೆ. ಎಲ್ಲಕ್ಕೂ ಮೇಲೆ, ಸಮುದ್ರದಾಚೆ, ಒಂದು ಅಂತರರಾಷ್ಟ್ರೀಯ ಸಂಸ್ಥೆ. ದೇಶದೇಶಗಳಲ್ಲಿ ದೇಣಿಗೆ ಎತ್ತಿ, ಎಲ್ಲಿ ನೆರೆ, ಎಲ್ಲಿ ಭೂಕಂಪ ಎಂದು ನೋಡಿ ಪಾಲು ಹಾಕುವುದು ಅದರ ಕೆಲಸ. ಅದರ ಕೆಳಗೆ ದಿಲ್ಲಿಯ ರಾಷ್ಟ್ರೀಯ ಕಚೇರಿ. ಮನುಷ್ಯನೊಬ್ಬನಿಗೆ ದಿನಕ್ಕೆ ಇಷ್ಟು ಲೀಟರ್ ನೀರು, ತಲೆಗೆ ಇಷ್ಟು ಚದರ ಮೀಟರ್ ನೆರಳು ಎಂಬ ಅಳತೆಗಳನ್ನು ಕಾಯುವವರು ಅವರು. ಅವರ ಕೆಳಗೆ ಬೆಂಗಳೂರಿನ ಸಮನ್ವಯದವರು. ಸರ್ಕಾರವೂ ಹತ್ತಾರು ಸಂಸ್ಥೆಗಳೂ ಒಂದೇ ಊರಿಗೆ ನುಗ್ಗಿ ಪಕ್ಕದ ಊರನ್ನು ಮರೆಯದಂತೆ ನೋಡಿಕೊಳ್ಳಬೇಕು. ಅವರ ಕೆಳಗೆ ಕಲಬುರಗಿಯಲ್ಲಿ ಜಿಲ್ಲಾ ಪಾಲುದಾರರು, ಪರಿಶೀಲನೆ ಅವರದು. ಕೆಳಗೆ ಸೇಡಂನ ನಾವು, ಹಂಚುವವರು. ನಮ್ಮ ಕೆಳಗೆ ಫಲಾನುಭವಿ. ಕರಿಗಡ್ಡಿಯ ಜನಕ್ಕೆ ಇಷ್ಟುದ್ದದ ಏಣಿಯಲ್ಲಿ ಇದ್ದದ್ದು ಆ ಒಂದು ಹೆಸರು. ಊರನ್ನೇ ದಾಟಿಸಿದವಳಿಗೆ ಅದೂ ಇರಲಿಲ್ಲ.

ಏಣಿಯೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಊರ ಗೌಡರ ಓಣಿಗೆ ಹತ್ತು ಕಿಟ್ಟು, ಕೆಳಗಿನ ಓಣಿಗೆ ಒಂದು ಎಂದು ಹಂಚುವವರನ್ನು ನಾನೇ ನೋಡಿದ್ದೇನೆ. ಯಾದಿಗೆ, ಅಂದರೆ ಸಂತ್ರಸ್ತರ ಪಟ್ಟಿಗೆ, ಬೀಗ ಹಾಕುವ ನಿಯಮ ಬಂದದ್ದೂ ಅದಕ್ಕೇ. ಜನ ಊರು ಬಿಟ್ಟ ದಿನ ಸಂಜೆ ಐದಕ್ಕೆ ಟ್ಯಾಬಿನಲ್ಲಿ ಆ ಊರಿನ ಯಾದಿ ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಮರುದಿನ ಸುತ್ತಲಿನ ಊರಿನವರೆಲ್ಲ ನಾವೂ ಕರಿಗಡ್ಡಿಯವರೇ ಎಂದು ಸಾಲು ನಿಲ್ಲುತ್ತಾರೆ. ನಿಯಮ ಬರೆದವರಿಗೆ ಬುದ್ಧಿ ಇತ್ತು. ಅವರು ಹೊಳೆಯನ್ನು ನೋಡಿರಲಿಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ ಭಾದ್ರಪದದಲ್ಲಿ ಹೊಳೆ ಬಂತು. ಮೋಟಾರು ದೋಣಿಗಳೆಲ್ಲ ದೊಡ್ಡ ಊರುಗಳಿಗೆ ಹೋಗಿದ್ದವು. ಕರಿಗಡ್ಡಿಗೆ ಎರಡೇ ಹರಗೋಲು, ಅಂಬುಬಾಯಿಯದು ಮತ್ತು ಸಿದ್ದಣ್ಣನದು. ನಸುಕಿನಿಂದ ಶುರುಮಾಡಿದರು. ಒಂದು ಸಲಕ್ಕೆ ಹತ್ತು ಹನ್ನೆರಡು ಜನ. ನಾನು ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಬಂದವರ ಹೆಸರು, ಪಡಿತರ ಚೀಟಿಯ ಸಂಖ್ಯೆ, ಟ್ಯಾಬಿಗೆ ಜೋಡಿಸಿದ ಯಂತ್ರದಲ್ಲಿ ಚೀಟಿಯ ಯಜಮಾನಿಯ ಹೆಬ್ಬೆರಳು ತೆಗೆದುಕೊಳ್ಳುತ್ತಿದ್ದೆ; ಮನೆಯ ಬೇರೆಯವರದು ನಡೆಯುವುದಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ನೂರಾ ಒಂಬತ್ತು ಮನೆ ಮುಗಿದಿದ್ದವು. ಅಂಬಿಗರ ಓಣಿಯ ಹನ್ನೊಂದು ಮನೆಯವರು ಇನ್ನೂ ಆಚೆ ದಂಡೆಯಲ್ಲೇ ಇದ್ದರು. ಅಂಬುಬಾಯಿ ಹರಗೋಲು ತಿರುಗಿಸಿ ಮತ್ತೆ ಆಚೆ ಹೋಗುವುದು ನನಗೆ ಕಾಣುತ್ತಿತ್ತು. ದೇವಿಂದ್ರಪ್ಪನವರಿಗೆ ಫೋನು ಮಾಡಿದೆ. ಎದುರಿಗೆ ಇದ್ದವರನ್ನು ಬರೆದುಕೋ, ಉಳಿದವರದು ನಾಳೆ ನೋಡೋಣ ಎಂದರು. ಐದಕ್ಕೆ ಯಾದಿ ಮುಚ್ಚಿತು. ನಾನು ಟ್ಯಾಬನ್ನು ಚೀಲದಲ್ಲಿ ಇಟ್ಟು ಚಹ ಕುಡಿದೆ. ಹೌದು, ಚಹ ಕುಡಿದೆ.

ಏಳಕ್ಕೆ ಅವರು ಬಂದರು. ಕಡೆಯ ಖೇಪಿನಲ್ಲಿ ಭೀಮಶಾ ಕೆಮ್ಮುತ್ತ, ಅವನ ತಲೆ ಹಿಡಿದುಕೊಂಡು ಸೊಸೆ ರಾಧಿಕಾ, ಹುಟ್ಟು ಹಾಕುತ್ತ ಅಂಬುಬಾಯಿ. ಅಂದೇ ಹೊಳೆ ಅವರ ಓಣಿಯ ಹನ್ನೊಂದೂ ಮಣ್ಣಿನ ಮನೆಗಳನ್ನು ತೆಗೆದುಕೊಂಡು ಹೋಯಿತು. ಊರಿನ ಬೇರೆ ಓಣಿಗಳಲ್ಲಿ ಗೋಡೆ ಕುಸಿದವು. ಬುಡಸಹಿತ ಹೋದದ್ದು ಆ ಹನ್ನೊಂದೇ.

ಅದಾದ ಮೇಲೆ ಶಾಲೆಯ ಹಿಂದಿನ ಎತ್ತರದ ಜಾಗದಲ್ಲಿ ಮನೆ ಕಟ್ಟಿಸಿಕೊಡುವ ಯೋಜನೆ ಬಂತು. ಇಟ್ಟಿಗೆ ಗೋಡೆ, ತಗಡಿನ ಮಾಡು, ಯಾದಿಯಲ್ಲಿದ್ದ ಪ್ರತಿ ಮನೆಗೆ ಒಂದು. ಸರ್ಕಾರದ ಮನೆ ಬೇಕೆಂದರೆ ಹಕ್ಕುಪತ್ರ ಬೇಕು. ಅಂಬಿಗರ ಓಣಿ ಇದ್ದದ್ದು ಹೊಳೆಯ ಜಾಗದಲ್ಲಿ, ಅವರಲ್ಲಿ ಯಾರ ಹತ್ತಿರವೂ ಪತ್ರವಿಲ್ಲ. ಹಕ್ಕುಪತ್ರ ಇಲ್ಲದವರಿಗೇ ಎಂದು ನಮ್ಮ ಯೋಜನೆಯ ಮೊದಲ ಸಾಲಿನಲ್ಲಿ ಬರೆದಿತ್ತು. ಆದರೆ ಯಾದಿಯಲ್ಲಿ ಅವರಿಲ್ಲ.

ವಾರದೊಳಗೆ ಅಂಬುಬಾಯಿ ಸೇಡಂನ ನಮ್ಮ ಕಚೇರಿಗೆ ಬಂದಳು. ಹನ್ನೊಂದು ಮನೆಯ ಪಡಿತರ ಚೀಟಿಯ ಝೆರಾಕ್ಸುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮೀನಿನ ಬಲೆಯ ದಾರದಿಂದ ಕಟ್ಟಿದ್ದಳು. ಬಿಚ್ಚಿ ನೋಡಿದೆ. ಅರ್ಜಿ ಕೊಡುವವಳು ಇವಳು, ಇವಳ ಹಾಳೆಯೇ ಎಲ್ಲಕ್ಕೂ ಕೆಳಗೆ. ಮೇಲೆ ಇಡಲೇ ಎಂದು ಕೇಳಿದೆ.

"ನಮ್ಮದು ಕೆಳಗ ಇರ್ಲಿ ತಮ್ಮಾ," ಎಂದಳು.

ಇರಲಿ ಎಂದು ಹಾಗೇ ಕಟ್ಟಿಟ್ಟೆ.

ಆಮೇಲೆ ಹನ್ನೆರಡು ತಿಂಗಳು. ದೇವಿಂದ್ರಪ್ಪನವರು ನಾವು ಹಂಚುವವರು, ಸೇರಿಸುವವರಲ್ಲ ಎಂದರು. ಕಲಬುರಗಿಯವರು ಯಾದಿಯಲ್ಲಿ ಇದ್ದವರನ್ನು ಪರಿಶೀಲಿಸುತ್ತೇವೆ, ಇಲ್ಲದವರನ್ನು ಹೇಗೆ ಪರಿಶೀಲಿಸುವುದು ಎಂದು ನನ್ನನ್ನೇ ಕೇಳಿದರು. ಬೆಂಗಳೂರಿನವರು ಸಭೆಯಲ್ಲಿ ವಿಷಯ ಇಟ್ಟರು. ಮೂರು ಸಭೆಗಳಲ್ಲಿ ಇಟ್ಟರು. ದಿಲ್ಲಿಯಿಂದ, ಕರಿಗಡ್ಡಿಯವರೆಲ್ಲ ನಮ್ಮ ಕುಟುಂಬ, ಆದರೆ ಬೀಗ ತೆರೆದರೆ ಇಡೀ ವ್ಯವಸ್ಥೆಯ ನಂಬಿಕೆ ಹೋಗುತ್ತದೆ, ತೆರೆಯಲು ಬರುವುದೇ ಇಲ್ಲ ಎಂದು ಉತ್ತರ ಬಂತು. ತಡೆಯಲಾರದೆ ಸಮುದ್ರದಾಚೆಗೇ ಬರೆದೆ. ಸ್ಥಳೀಯರ ತೀರ್ಮಾನವನ್ನು ನಾವು ಗೌರವಿಸುತ್ತೇವೆ, ಅದರಲ್ಲಿ ಕೈ ಹಾಕುವುದಿಲ್ಲ ಎಂದು ಅಲ್ಲಿಂದ ಬಲು ವಿನಯದ ಪತ್ರ. ಸ್ಥಳೀಯರು ಎಂದರೆ ನಾನು. ತೀರ್ಮಾನ ಮಾಡುವ ಅಧಿಕಾರ ನನಗೆ ಒಂದು ಕೊಡೆ ಹಂಚುವಷ್ಟೂ ಇರಲಿಲ್ಲ.

ನಡುವೆ ಒಂದೇ ಒಂದು ಸಲ ಬಾಗಿಲು ಸಂದಿಯಷ್ಟು ತೆರೆಯಿತು. ಆ ಕುಟುಂಬಗಳು ತಡವಾಗಿ ಬಂದದ್ದೇಕೆ ಎಂದು ದಿಲ್ಲಿಯಿಂದ ಒಂದು ನಮೂನೆ ಬಂತು. ಐದು ಆಯ್ಕೆ: ರೋಗ, ಅಂಗವೈಕಲ್ಯ, ದೂರ, ಜಗಳ, ಸ್ವಇಚ್ಛೆ. ನಾನು ಕರಿಗಡ್ಡಿಗೆ ಓಡಿದೆ. ಹೊಳೆದಂಡೆಯ ಹಳೆಯ ಜಾಗದಲ್ಲೇ ತಾಡಪತ್ರಿ ಕಟ್ಟಿಕೊಂಡು ಇದ್ದರು. ಭೀಮಶಾನ ಎದೆಯ ರೋಗ ಎಂದು ಬರೆಯುತ್ತೇನೆ, ಉಳಿದವರು ಅವನ ಸಲುವಾಗಿ ನಿಂತರು ಎನ್ನುತ್ತೇನೆ, ಹನ್ನೊಂದೂ ಮನೆಗೆ ದಾರಿಯಾಗುತ್ತದೆ ಎಂದು ಹೇಳಿದೆ. ಅಂಬುಬಾಯಿ ಒಪ್ಪಲಿಲ್ಲ.

"ರೋಗ ಅಂತ ಬರೀಬ್ಯಾಡ. ಆ ರೋಗಿನ್ನ ಮೊದಲ ದಾಟಸ್ಲಿಕ್ಕ ಆಗ್ತಿರಲಿಲ್ಲೇನು? ನಾವಾಗೇ ನಿಂತೀವಿ. ಯಾರೂ ನಿಂದರ್ರಿ ಅಂದಿಲ್ಲ."

ಎಷ್ಟು ಹೇಳಿದರೂ ಅದೇ ಮಾತು. ಹಟಮಾರಿ ಹೆಂಗಸು ಎಂದು ಸಿಟ್ಟಿನಲ್ಲಿ ಎದ್ದುಬಂದೆ. ಅವಳ ಮೇಲೆ ನನಗಿರುವ ಸಿಟ್ಟು ಇದೇ. ಹೊಳೆಯನ್ನು ಎದುರಿಸಿದವಳಿಗೆ ಒಂದು ಸುಳ್ಳು ಬರೆಸಲು ಆಗಲಿಲ್ಲ. ಅವಳಿಗೆ ತಿಳಿಯದಂತೆ ಬರೆಯುವ ಧೈರ್ಯ ನನಗೂ ಆಗಲಿಲ್ಲ. ಸ್ವಇಚ್ಛೆ ಎಂಬಲ್ಲಿ ಗುರುತು ಹಾಕಿದೆ. ಸ್ವಇಚ್ಛೆಯಿಂದ ಉಳಿದವರು ಸಂತ್ರಸ್ತರಲ್ಲ ಎಂದು ಮೂರು ದಿನದಲ್ಲಿ ಉತ್ತರ ಬಂತು. ಬೇರೆ ಯಾವ ಪತ್ರಕ್ಕೂ ಅಷ್ಟು ಬೇಗ ಉತ್ತರ ಬಂದಿರಲಿಲ್ಲ.

ಮರುವರ್ಷ ಅದೇ ಭಾದ್ರಪದ. ಹೊಸ ಬಡಾವಣೆಯಲ್ಲಿ ಎಪ್ಪತ್ತು ಮನೆ ಮುಗಿದು ಜನ ಹೋಗಿದ್ದರು. ಉಳಿದವರು ಇನ್ನೂ ಊರಲ್ಲೇ. ಕೆಲಸ ನೋಡಲು ನಾಲ್ವರ ತಂಡ ಬಂತು: ಸಮುದ್ರದಾಚೆಯ ಸಂಸ್ಥೆಯ ಒಬ್ಬ ಹೆಂಗಸು, ದಿಲ್ಲಿಯ ಸಾಹೇಬ, ಬೆಂಗಳೂರಿನವನೊಬ್ಬ, ಜೊತೆಗೆ ನಮ್ಮ ದೇವಿಂದ್ರಪ್ಪ. ಹಳೆಯ ಊರಿನ ಫೋಟೋ ಬೇಕೆಂದು ಮಧ್ಯಾಹ್ನ ಜೀಪಿನಲ್ಲಿ ಹಳ್ಳ ದಾಟಿ ಹೋದರು. ಮೋಡ ನೋಡಿ, ಬೇಡ ಎಂದು ನಾನು ಹೇಳಿದ್ದೆ. ಮೇಲೆ ಚಿಂಚೋಳಿಯ ಕಡೆ ಎರಡು ದಿನದಿಂದ ಸುರಿಯುತ್ತಿತ್ತು. ಮೂರು ಗಂಟೆಗೆ ಸೇತುವೆ ಮುಳುಗಿತು.

ಮತ್ತೆ ಹರಗೋಲು, ಮತ್ತೆ ಶಾಲೆ, ಮತ್ತೆ ನನ್ನ ಮೇಜು. ಊರಿಗೆ ಒಂದೇ ಯಾದಿ; ಜನ ಹೊಸದಾಗಿ ಊರು ಬಿಟ್ಟರೆ ಹಳೆಯ ನೂರಾ ಒಂಬತ್ತರ ಕೆಳಗೆ ಸೇರಿಸಬಹುದು, ಐದರೊಳಗೆ ಎದುರಿಗೆ ಬಂದು ಹೆಬ್ಬೆರಳು ಒತ್ತಬೇಕು. ಈ ಸಲ ಅಂಬಿಗರನ್ನು ಮೊದಲು ಕಳಿಸು ಎಂದು ಸಿದ್ದಣ್ಣನಿಗೆ ಕೂಗಿ ಹೇಳಿದೆ. ಅವನು ನಕ್ಕು ಹುಟ್ಟು ಹಾಕಿಕೊಂಡು ಹೋದ.

ಆಚೆ ನಡೆದದ್ದನ್ನು ದೇವಿಂದ್ರಪ್ಪನವರೇ ಆಮೇಲೆ ಹಲ್ಲು ಕಡಿಯುತ್ತ ಹೇಳಿದರು. ತಂಡವನ್ನು ಮೊದಲು ದಾಟಿಸಬೇಕು, ಅದು ಸುರಕ್ಷತೆಯ ನಿಯಮ ಎಂದು ದಿಲ್ಲಿಯ ಸಾಹೇಬ ಹೇಳಿದನಂತೆ. ಅಂಬುಬಾಯಿ ಅವನಿಗೆ ಕಲ್ಲೊಂದನ್ನು ತೋರಿಸಿದಳಂತೆ.

"ಕುಂದ್ರಿ ಸಾಹೇಬ್ರ. ನಮ್ಮ ಕುಟುಂಬ, ನಮ್ಮ ಕುಟುಂಬ ಅಂತ ಪತ್ರದಾಗ ಬರೀತೀರಲ್ಲ. ನಮ್ಮ ಮಂದಿ ಕಡೀಗಿ ದಾಟ್ತಾರ."

ಗೇಲಿ ಮಾಡುವವಳಲ್ಲ ಅವಳು. ಲೆಕ್ಕ ನೇರವಾಗಿಯೇ ಹಾಕಿದ್ದಳು. ಊರವರೆಲ್ಲ ದಾಟಿದ ಮೇಲೆ ತನ್ನ ಓಣಿಯವರ ನಡುವೆ ಆ ನಾಲ್ವರನ್ನೂ ಕೂರಿಸಿ ತಂದಳು. ಆಗ ಆರೂವರೆ. ಯಾದಿ ಮುಚ್ಚಿ ಒಂದೂವರೆ ತಾಸಾಗಿತ್ತು.

ದಿಲ್ಲಿಯ ಸಾಹೇಬನ ಫೋನಿಗೆ ಶಾಲೆಯ ಹತ್ತಿರ ನೆಟ್‌ವರ್ಕ್ ಸಿಕ್ಕಿತು. ಅಷ್ಟು ಹೊತ್ತಿಗೆ ಅವರ ಕಚೇರಿಯಲ್ಲಿ ನಾಲ್ವರೂ ಕಾಣೆಯಾದವರ ಲೆಕ್ಕಕ್ಕೆ ಹೋಗಿದ್ದರು. ಸುರಕ್ಷಿತ ಎಂದು ತೋರಿಸಲು ಆ ಊರಿನ ಯಾದಿಯಲ್ಲೇ ಹೆಸರು ಬರಬೇಕು. ಅವನು ಮೂಲೆಗೆ ಹೋಗಿ ಒಂದು ಫೋನು ಮಾಡಿದ. ಒಂದೇ ಫೋನು. ತಿರುಗಿ ಬಂದು, ಹದಿನೈದು ನಿಮಿಷ ಯಾದಿ ತೆರೆಸಿದ್ದೇನೆ, ನಮ್ಮ ನಾಲ್ಕು ಹೆಸರು ಹಾಕು ಎಂದ.

ನನ್ನ ಟ್ಯಾಬಿನಲ್ಲಿ ಬೀಗದ ಗುರುತು ಹೋಗಿ ಖಾಲಿ ಸಾಲು ಬಂತು. ಒಂದು ವರ್ಷ ನಾನು ಬರೆದ ಪತ್ರಗಳು, ಅಂಬುಬಾಯಿ ಸೇಡಂಗೆ ಬಸ್ಸು ಹತ್ತಿಳಿದದ್ದು, ತೆರೆಯಲು ಬರುವುದೇ ಇಲ್ಲ ಎಂಬ ಉತ್ತರಗಳು, ಎಲ್ಲ ಒಟ್ಟಿಗೆ ನೆತ್ತಿಗೇರಿದವು. ತಂಡಕ್ಕೆ ತೋರಿಸೋಣವೆಂದು ಕಚೇರಿಯಿಂದ ತಂದಿದ್ದ ಅವಳ ಆ ಪ್ಲಾಸ್ಟಿಕ್ ಚೀಲ ನನ್ನ ಹತ್ತಿರವೇ ಇತ್ತು. ದಾರ ಹರಿದು ಹಾಳೆ ಹೊರಗೆಳೆದೆ. ಓಣಿಯವರು ಒದ್ದೆ ಬಟ್ಟೆಯಲ್ಲಿ ಎದುರಿಗೇ ನಿಂತಿದ್ದರು. ಮೇಲಿನ ಹಾಳೆಯ ಹೆಸರು ಕೂಗಿದೆ. ಹೆಸರು, ಚೀಟಿ ಸಂಖ್ಯೆ, ಎಷ್ಟು ತಲೆ, ಹೆಬ್ಬೆರಳು. ಎರಡನೆಯದು. ಮೂರನೆಯದು. ಸಾಹೇಬನಿಗೆ ಮೊದಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಮ್ಮ ಹೆಸರೆಲ್ಲಿ ಎಂದು ಹಿಂದಿಯಲ್ಲಿ ಕಿರುಚಿದ.

"ನಮ್ಮ ಮಂದಿ ಕಡೀಗಿ ಸರ," ಎಂದೆ.

ದೇವಿಂದ್ರಪ್ಪನವರು ಟ್ಯಾಬಿಗೆ ಕೈ ಹಾಕಿದರು. ಸಿದ್ದಣ್ಣ ನಡುವೆ ಬಂದು ಸುಮ್ಮನೆ ನಿಂತ. ಅವನ ಕೈಯಲ್ಲಿ ಇನ್ನೂ ಹುಟ್ಟು ಇತ್ತು. ಹತ್ತನೆಯ ಹಾಳೆ ಸಿದ್ದಣ್ಣನದೇ. ಅವನ ಹೆಂಡತಿಯ ಹೆಬ್ಬೆರಳು ಒತ್ತಿಸಿ ನೋಡಿದರೆ ಎರಡು ನಿಮಿಷ ಉಳಿದಿತ್ತು. ಹನ್ನೊಂದನೆಯದು ಅಂಬುಬಾಯಿಯ ಹಾಳೆ. ಕೂಗಿದೆ. ಅವಳಿಲ್ಲ. ಹೊರಗೆ ಹರಗೋಲನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದಳು. ರಾಧಿಕಾ ಓಡಿಹೋಗಿ ಎಳೆದುಕೊಂಡು ಬಂದಳು. ಸೀರೆಗೆ ಕೈ ಒರೆಸಿಕೊಂಡು ಹೆಬ್ಬೆರಳು ಇಟ್ಟಳು. ಯಂತ್ರ ಒಪ್ಪಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಅವಳ ಬೆರಳನ್ನು ಹಿಡಿದು ನೋಡಿದೆ; ಹದಿನಾಲ್ಕು ವರ್ಷ ಪರಸಿ ಉಜ್ಜಿದ ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನುಣ್ಣಗಿತ್ತು. ನನ್ನ ಅಂಗಿಯಿಂದ ಒರೆಸಿ ಎಡಗೈಯ ಬೆರಳು ಇಡಿಸುವಷ್ಟರಲ್ಲಿ ಯಾದಿ ಮುಚ್ಚಿತು.

ಸಾಹೇಬರ ನಾಲ್ಕು ಹೆಸರು ಮರುದಿನ ಬೆಳಿಗ್ಗೆ ಬೆಂಗಳೂರಿನಿಂದಲೇ ಯಾದಿಗೆ ಬಂದವು. ಹೆಬ್ಬೆರಳು ಯಾರೂ ಕೇಳಲಿಲ್ಲ. ನನ್ನ ಕರಾರು ಆ ತಿಂಗಳಿಗೆ ಮುಗಿಯಿತು. ಹತ್ತು ಹೆಸರುಗಳನ್ನು ತೆಗೆಸಲು ಅವರು ಭಾಳ ಪ್ರಯತ್ನಿಸಿದರು. ಆದರೆ ಯಾದಿಯಿಂದ ಒಂದು ಹೆಸರು ತೆಗೆಯಬೇಕೆಂದರೆ ಸೇಡಂನಿಂದ ಸಮುದ್ರದಾಚೆಯವರೆಗೆ ಎಲ್ಲರ ಸಹಿ ಬೇಕು. ಆ ಕಡತ ಈಗಲೂ ಸಭೆಯಿಂದ ಸಭೆಗೆ ತಿರುಗುತ್ತಿದೆ. ಅಷ್ಟರಲ್ಲಿ ಹತ್ತು ಮನೆ ಎದ್ದು, ತಗಡು ಬಿದ್ದು, ಓಣಿಯವರು ಒಬ್ಬೊಬ್ಬರಾಗಿ ಮೇಲೆ ಹೋದರು.

ಅಂಬುಬಾಯಿ ಹೊಳೆದಂಡೆಯಲ್ಲೇ ಇದ್ದಾಳೆ. ತಾಡಪತ್ರಿಯ ಮನೆ, ಪಕ್ಕದಲ್ಲಿ ಮಗುಚಿಟ್ಟ ಹರಗೋಲು, ಒಳಗೆ ಕೆಮ್ಮುವ ಭೀಮಶಾ. ನಾನೀಗ ಮಳಖೇಡದ ಹತ್ತಿರ ಆದಿತ್ಯನಗರದ ಒಂದು ಶಾಲೆಯಲ್ಲಿ ಗುಮಾಸ್ತ. ಭಾನುವಾರ ಅವಳಲ್ಲಿಗೆ ಹೋಗುತ್ತೇನೆ. ಮೊದಲ ಭಾನುವಾರವೇ ಬಾಯಿಗೆ ಬಂದಂತೆ ಬೈದೆ. ನಿನ್ನ ಹಾಳೆ ಮೇಲೆ ಇಡು ಎಂದು ಆವತ್ತೇ ಬಡಿದುಕೊಂಡೆ, ಕೇಳಿದೆಯಾ ಎಂದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನಂದು ಮ್ಯಾಲ ಇಟ್ಟಿದ್ರ, ಹೊರಗ ಉಳಿಯೂದು ಯಾರದಾಗ್ತಿತ್ತು ತಮ್ಮಾ?"

ಸಿದ್ದಣ್ಣನದಾಗುತ್ತಿತ್ತು. ಅವನ ಮನೆಯಲ್ಲಿ ಮೂರು ತಿಂಗಳ ಕೂಸು. ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತೇನೋ, ಆಗಲಿಲ್ಲ. ಯಾವ ಮನೆ ಹೊರಗುಳಿಯಬೇಕು ಎಂಬುದನ್ನು ಹನ್ನೊಂದು ಮನೆಯವರು ಹೀಗೆ ತಮ್ಮತಮ್ಮಲ್ಲೇ ಆರಿಸಿಕೊಳ್ಳುವಂತೆ ಮಾಡಿದವರು ಬೇರೆಯವರು, ಅವರ ಮನೆಯ ಮಾಡು ಎಂದೂ ಸೋರುವುದಿಲ್ಲ. ನನಗೆ ಅವಳಷ್ಟು ದೊಡ್ಡ ಮನಸ್ಸಿಲ್ಲ, ಬೇಕಾಗಿಯೂ ಇಲ್ಲ.

ಅವಳು ಕೊಟ್ಟ ರೊಟ್ಟಿ ತಿಂದು ಹೊಸ ಅರ್ಜಿ ತುಂಬಿಸಿದೆ. ಅದೇ ನಮೂನೆ. ತಡವಾಗಿ ಬಂದದ್ದೇಕೆ, ಐದು ಆಯ್ಕೆ. ಈ ಸಲ ಯಾವುದಕ್ಕೂ ಗುರುತು ಹಾಕಲಿಲ್ಲ. ಕೆಳಗೆ ಇದ್ದ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆದೆ: ನಿಮ್ಮ ನಾಲ್ವರನ್ನು ದಾಟಿಸುತ್ತಿದ್ದಳು.